ಬ್ರಾಕೆಟ್ ಭಾವನ ಅಡ್ಡಗೀಟು

ಬಣ್ಣದ ಕಾರ್ಖಾನೆಯಲ್ಲಿ ಅವನು ಎಲ್ಲರಿಗೂ ಬ್ರಾಕೆಟ್ ಭಾವ. ಭಾವ ಎಂದು ಮೊದಲು ಕೂಗಿದವಳು ಹೆಂಡತಿಯ ತಂಗಿ. ಅವಳಿಗೂ ಅಲ್ಲೇ ಕೆಲಸ. ಬ್ರಾಕೆಟ್ ಮಾತ್ರ ಅವನ ಸ್ವಯಾರ್ಜಿತ. ಯಾವ ಬಣ್ಣಕ್ಕೆ ಯಾವುದು ಎಷ್ಟು ಬೆರೆಯಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮನ್ನು ಅವನು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದ. ಅದರಲ್ಲಿ ಮಾತಿಗಿಂತ ಬ್ರಾಕೆಟ್ಟೇ ಜಾಸ್ತಿ. ಪಂಪು ಓಡಿಸುವ ಪ್ರೋಗ್ರಾಮು ನಾದಿನಿಯದು, ಸಿ ಭಾಷೆಯದು. ಎರಡಕ್ಕೂ ಮಾತುಕತೆಯಿಲ್ಲ. ಭಾವನ ಲೆಕ್ಕ ನೋಡಿಕೊಂಡು ನಾದಿನಿ ಪಂಪಿಗೆ ಕೈಯಾರೆ ಟೈಪು ಮಾಡಬೇಕು.

ಆ ಬೆಳಿಗ್ಗೆ ಮ್ಯಾನೇಜರು ಹೇಳಿಬಿಟ್ಟರು: "ಸಂಜೆಯೊಳಗೆ ಎರಡೂ ಒಂದಾಗ್ಲಿ. ಇಲ್ಲಾಂದ್ರೆ ಲಿಸ್ಪು ಕಸಕ್ಕೆ, ಎಲ್ಲಾ ಸಿ."

ಮದುವೆಗೂ ಮುಂಚಿನಿಂದ ತಿದ್ದಿ ತೀಡಿ ಸಾಕಿದ ಪ್ರೋಗ್ರಾಮು! ಪ್ರೋಗ್ರಾಮನ್ನು ಯಂತ್ರದ ಮಾತಿಗೆ ತರ್ಜುಮೆ ಮಾಡುವ ಲಿಸ್ಪ್ ಕಂಪೈಲರು ಸಿಕ್ಕ ಸಿಕ್ಕದ್ದನ್ನೆಲ್ಲ ಭಾವ ಜಾಲಾಡಿದ. ಒಂದು, ಮನೆಯಳಿಯನ ಹಾಗೆ ಇಡೀ ಕಂಪ್ಯೂಟರನ್ನೇ ಆಕ್ರಮಿಸಿ ಕೂತಿತು. ಇನ್ನೊಂದು, ಸಿ ಎಂದರೆ ಮೂಗು ಮುರಿಯಿತು. ಊಟದ ಹೊತ್ತಿಗೆ ಸಿಕ್ಕಿತು ನೋಡಿ, ಲಿಸ್ಪನ್ನೇ ಸಿ ಮಾಡಿ ಕೈಗಿಡುವಂಥದ್ದು! ಭಾವ ಕುರ್ಚಿ ಸಮೇತ ಗಿರ್ರನೆ ತಿರುಗಿದ.

"ನಿಮ್ಮ ಲೆಕ್ಕಾನ ನನ್ನ ಪ್ರೋಗ್ರಾಮಿಂದ ಕರೆಯೋ ಸಾಲು ನಾನು ಬರೀಲಾ ಭಾವ?" ಎಂದಳು ನಾದಿನಿ.

"ಬೇಡಮ್ಮ. ಸಿ ಏನು ಮಹಾ!"

ಗತ್ತಿನಿಂದ ಕುಟ್ಟಿದ. ನಾದಿನಿಯ ಸಿ ಕಂಪೈಲರು ತಕರಾರು ತೆಗೆಯಿತು: ಬಿಳಿ ಯಾರೋ ಗೊತ್ತಿಲ್ಲ, ಕಪ್ಪು ಯಾರೋ ಗೊತ್ತಿಲ್ಲ. ಭಾವ ಅಭ್ಯಾಸಬಲದಿಂದ ಬ್ರಾಕೆಟ್ಟು ಎಣಿಸಿದ. ಎಲ್ಲ ಸರಿಯಾಗಿದ್ದವು. ಮತ್ತೆ ಎಣಿಸಿದ. ಅತ್ತ ಸಂಜೆಯಾಗಿ ಮ್ಯಾನೇಜರು ಮನೆಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದರು.

ನಾದಿನಿ ಇಣುಕಿ ಕಿಸಕ್ಕನೆ ನಕ್ಕಳು. "ಏನು ಭಾವ ಈ ಲೆಕ್ಕದ ಫಂಕ್ಷನ್ ಹೆಸರು?"

"ಬಿಳಿ-ಕಪ್ಪು. ಮಧ್ಯ ಅಡ್ಡಗೀಟು. ಲಿಸ್ಪಲ್ಲಿ ಹಾಗೇ ಬರೆಯೋದು."

"ನಮ್ಮಲ್ಲಿ ಅಡ್ಡಗೀಟು ಅಂದ್ರೆ ಮೈನಸ್ಸು! ಬಿಳಿಯಿಂದ ಕಪ್ಪು ಕಳೀರಿ ಅಂತಿದೀರ. ಪಾಪ, ಅದು ಎಲ್ಲಿಂದ ತಂದು ಕಳೀಬೇಕು?"

ಹೊಸ ಲಿಸ್ಪ್ ಕಂಪೈಲರು ಭಾವನಿಗಿಂತ ಜಾಣ. ತಾನು ಬರೆದ ಸಿಯಲ್ಲಿ ಗೀಟನ್ನು ಆಗಲೇ ಅಕ್ಷರದ ಬುಡಕ್ಕೆ ಇಳಿಸಿ, ಮೈನಸ್ಸಾಗದಂತೆ ಅಂಡರ್‌ಸ್ಕೋರ್ ಮಾಡಿತ್ತು. ಭಾವ ತೆಪ್ಪಗೆ ತಾನೂ ಇಳಿಸಿದ.

ಪಂಪು ಗೊಟಗೊಟ ಎಂದಿತು. ಡಬ್ಬಕ್ಕೆ ಬಿಳಿ ಸುರಿಯಿತು, ಹಿಂದೆಯೇ ಕಪ್ಪು, ಕಡಗೋಲು ತಿರುಗಿ ಅಪ್ಪಟ ಬೂದಿ ಬಣ್ಣ. ಭಾವ, ನಾದಿನಿ ಡಬ್ಬದ ಸುತ್ತ ಕುಣಿಯತೊಡಗಿದರು.

"ಏನ್ರೀ ಗಲಾಟೆ?" ಮ್ಯಾನೇಜರು ಓಡಿಬಂದರು.

"ಬೂದಿ ಸಾರ್, ಬೂದಿ! ತಾನೇ ಬಂತು!" ಎಂದ ಭಾವ.

ಅವರು ಮಾದರಿ ಪಟ್ಟಿ ಹಿಡಿದು ನೋಡಿದರು. "ಸರಿ, ಇರ್ಲಿ ನಿಮ್ಮ ಲಿಸ್ಪು. ಡಬ್ಬ ಬೀಳಿಸ್ಬೇಡಿ."

ಭಾವ ಏದುಸಿರಲ್ಲೇ ಹೆಂಡತಿಗೆ ಫೋನು ಮಾಡಿದ. "ಬೂದಿ ಬಂತು ಕಣೇ!"

"ಅಯ್ಯಯ್ಯೋ, ಯಾರದ್ದು ರೀ?"

"ನಂದೇ ಕಣೇ, ನಂದೇ!"