ಅದಲು ಬದಲಾದ ಸಂಚಿ

ಹರಿಯಬ್ಬೆಯ ಹುಚ್ಚಕ್ಕನನ್ನು ಮೊದಲ ಸಲ ಕಂಡಾಗ ಈಕೆ ದೊಡ್ಡ ದೈವಭಕ್ತೆ ಎಂದು ತಿಳಿದು ಚಪ್ಪಲಿ ಬಿಟ್ಟು ಕೈಮುಗಿದಿದ್ದೆ. ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತು, ಕಣ್ಣು ಅರೆಮುಚ್ಚಿ, ಒಂದೇ ಸಮನೆ ತುಟಿ ಅಲುಗಾಡಿಸುತ್ತಿದ್ದಳು. ಇಷ್ಟು ನಿಷ್ಠೆಯ ಜಪವನ್ನು ನಾನು ಮಠಗಳಲ್ಲೂ ಕಂಡಿರಲಿಲ್ಲ. ಯಾವ ಮಂತ್ರ ತಾಯಿ ಎಂದು ವಿಚಾರಿಸಿದ್ದಕ್ಕೆ ಆಕೆ ಕೆನ್ನೆಯೊಳಗಿಂದ ಹುರಿದ ಹುಣಸೆಬೀಜವೊಂದನ್ನು ನಾಲಿಗೆಯ ತುದಿಗೆ ತಂದು, ತೋರಿಸಿ, ಮತ್ತೆ ಒಳಗೆ ಸೇರಿಸಿಕೊಂಡಳು.

ಆ ಬೀಜದ ಜಾಗದಲ್ಲಿ ಅದಕ್ಕೆ ಮೊದಲು ನಲವತ್ತೈದು ವರ್ಷ ಇದ್ದದ್ದು ಹೊಗೆಸೊಪ್ಪು. ಗಂಡ ಸತ್ತಾಗ ಹನ್ನೊಂದು ದಿನ ಸರಿಯಾಗಿ ಅನ್ನ ಮುಟ್ಟದ ಹುಚ್ಚಕ್ಕ ಸೊಪ್ಪನ್ನು ಮಾತ್ರ ಒಂದು ಹೊತ್ತೂ ಬಿಟ್ಟವಳಲ್ಲ. ಧರ್ಮಪುರದಲ್ಲಿ ಒಂದು ಆರೋಗ್ಯ ಶಿಬಿರ ನಡೆದಾಗ ಡಾಕ್ಟರಮ್ಮ ಆಕೆಯ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಒಳಗೆ ಬಿಳಿ ಮಚ್ಚೆ ಎದ್ದಿದೆ, ಸೊಪ್ಪು ಬಿಟ್ಟರೆ ಉಳಿದುಕೊಳ್ಳುತ್ತೀ, ಬಿಡದಿದ್ದರೆ ಕೆನ್ನೆಯನ್ನೇ ಕೊಯ್ಯಬೇಕಾಗುತ್ತದೆ ಎಂದರು. ಹುಚ್ಚಕ್ಕ ಶಿಬಿರದಿಂದ ನೇರವಾಗಿ ಹೋಗಿದ್ದು ಪಕ್ಕದ ಕೇರಿಯ ಓಬವ್ವನ ಮನೆಗೆ. ಮೂವತ್ತು ವರ್ಷದಿಂದ ಮೊರಕ್ಕೆ ಮೊರ ತಾಗಿಸಿಕೊಂಡು ಕೂಲಿಗೆ ಶೇಂಗಾ ಸುಲಿದ ಗೆಳತಿ. ಸೊಪ್ಪು ಹಾಕುವುದರಲ್ಲೂ ಸರಿಜೋಡಿ.

"ನೀನು ಎದುರಿಗೆ ಕುಂತು ಹಾಕ್ಕಂತಿದ್ರೆ ನನ್ನ ಕೈಲಿ ತಡಿಯಾಕಾಗಲ್ಲ ಕಣೆ ಓಬಿ," ಎಂದಳು ಹುಚ್ಚಕ್ಕ.

"ಹಂಗಾದ್ರೆ ನಾನೂ ಬಿಡ್ತೀನಿ ತಗ," ಎಂದಳು ಓಬವ್ವ. "ನಿನ್ನ ಸಂಚಿ ನನ್ನತ್ರ ಇರ್ಲಿ, ನಂದು ನಿನ್ನತ್ರ ಇರ್ಲಿ. ಅತ್ತು ಕರೆದ್ರೂ ಯಾರೂ ಯಾರಿಗೂ ವಾಪಸ್ ಕೊಡಂಗಿಲ್ಲ."

ಹೀಗೆ ಎಲೆ, ಅಡಿಕೆ, ಸೊಪ್ಪು, ಸುಣ್ಣದ ಡಬ್ಬಿ ಸಮೇತ ಎರಡು ಬಟ್ಟೆಯ ಸಂಚಿಗಳು ಸೊಂಟ ಬದಲಿಸಿದವು.

ಬಿಡುವುದೆಂದರೆ ಒಂದು ದಿನದ ಕೆಲಸ ಎಂದುಕೊಂಡಿದ್ದ ಹುಚ್ಚಕ್ಕನಿಗೆ ಅದು ದಿನಕ್ಕೆ ಹತ್ತು ಸಲ ಮಾಡಬೇಕಾದ ಕೆಲಸ ಎಂದು ಮೊದಲ ವಾರವೇ ಗೊತ್ತಾಯಿತು. ಮುದ್ದೆ ಉಂಡು ಕೈತೊಳೆದರೆ ಕೈ ತಾನಾಗಿ ಸೊಂಟಕ್ಕೆ ಹೋಗಿ, ಬರಿಗೈಲಿ ವಾಪಸಾಗುತ್ತಿತ್ತು. ಮದುವೆ ಮನೆಯಲ್ಲಿ ಎಲೆ-ಅಡಿಕೆ ತಟ್ಟೆ ಬಂದರೆ ಎದ್ದು ಹಸುವಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಓಬವ್ವನ ಸಂಚಿ ಟ್ರಂಕಿನೊಳಗೆ ಸೀರೆಗಳ ನಡುವೆ ಮಲಗಿತ್ತು. ಅದರ ದಾರವನ್ನು ಆಕೆ ಒಂದು ದಿನವೂ ಸಡಿಲಿಸಲಿಲ್ಲ. ಒಮ್ಮೆ ಮಾತ್ರ ತಡೆಯಲಾರದೆ ಓಬವ್ವನ ಬಾಗಿಲು ಬಡಿದು, ಒಂದೇ ಒಂದು ಚೂರು ಕೊಡೇ ಎಂದು ಬೇಡಿದ್ದಳು.

"ಸತ್ರೂ ಕೊಡಲ್ಲ, ನಡಿ," ಎಂದು ಓಬವ್ವ ಅಗುಳಿ ಹಾಕಿಕೊಂಡಿದ್ದಳು. ಹುಚ್ಚಕ್ಕ ದಾರಿಯುದ್ದಕ್ಕೂ ಗೆಳತಿಯನ್ನು ಬೈದುಕೊಂಡು, ಮನೆ ಮುಟ್ಟುವ ಹೊತ್ತಿಗೆ ಮೆಚ್ಚಿಕೊಂಡಿದ್ದಳು. ಮನಸ್ಸು ಅಂದ್ರೆ ಅವಳದು.

ಪಾಪ, ಆ ಗಟ್ಟಿ ಮನಸ್ಸಿನವಳಿಗೆ ಸೊಪ್ಪು ಬಿಟ್ಟಂದಿನಿಂದ ಹಲ್ಲುನೋವು. ಸದಾ ಬಾಯಲ್ಲೊಂದು ಲವಂಗ. ತನಗಾಗಿ ಅಷ್ಟು ಕಷ್ಟಪಡುತ್ತಿದ್ದಾಳಲ್ಲ ಎಂದು ಹುಚ್ಚಕ್ಕ ಪ್ರತಿ ಸಂತೆಯಲ್ಲೂ ಆಕೆಗೆ ಒಂದು ಪೊಟ್ಟಣ ಲವಂಗ ತಂದುಕೊಡುತ್ತಿದ್ದಳು.

ಹೀಗೆ ಮೂರು ವರ್ಷ ಕಳೆಯಿತು. ಮಚ್ಚೆ ಮಾಯವಾಯಿತು. ಸುದ್ದಿ ಧರ್ಮಪುರದ ಕಿರಣ್‌ಕುಮಾರನ ಕಿವಿಗೆ ಬಿತ್ತು. ಈತ ಕಂಪ್ಯೂಟರ್ ತರಬೇತಿ ಕೇಂದ್ರ ಇಟ್ಟುಕೊಂಡು, ಬಿಡುವಿನಲ್ಲಿ ಜನರನ್ನು ತಿದ್ದುವವನು. ಬೆಳಗಿನ ಜಾವ ನಾಲ್ಕೂವರೆಗೆ ಏಳುವುದರ ಮಹತ್ವವನ್ನು ವಿವರಿಸಲು ಹತ್ತು ಗಂಟೆಯ ಸಭೆಗೆ ಹನ್ನೊಂದೂವರೆಗೆ ಬರುತ್ತಾನೆ. 'ಜೋಡಿ ಶಿಸ್ತು' ಎಂಬುದು ಆತನ ಹೊಸ ಸಿದ್ಧಾಂತ: ಶಿಸ್ತು ಒಬ್ಬರಿಗೆ ಒಲಿಯುವುದಿಲ್ಲ, ಇಬ್ಬರಿಗೆ ತಪ್ಪುವುದಿಲ್ಲ. ಉದಾಹರಣೆ ಸಿಕ್ಕದೆ ಒದ್ದಾಡುತ್ತಿದ್ದವನಿಗೆ ಎರಡು ಉದಾಹರಣೆಗಳು ಸೀರೆ ಉಟ್ಟುಕೊಂಡೇ ಸಿಕ್ಕಿದ್ದವು. ಭಾನುವಾರ ಸಮುದಾಯ ಭವನದಲ್ಲಿ ಇಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ.

"ಸಂಚಿ ಮರೀದೆ ತರ್ರಿ," ಎಂದು ಫೋನಿನಲ್ಲಿ ಎರಡೆರಡು ಸಲ ಹೇಳಿದ. "ವೇದಿಕೆ ಮೇಲೆ ಜನ ನೋಡಬೇಕು."

ಭಾನುವಾರ ಬೆಳಿಗ್ಗೆ ಹುಚ್ಚಕ್ಕ ಟ್ರಂಕಿನಿಂದ ಓಬವ್ವನ ಸಂಚಿ ತೆಗೆದಳು. ಸೊಪ್ಪನ್ನು ಹುಳು ತಿಂದು ಪುಡಿ ಮಾಡಿತ್ತು. ಅಲ್ಲಾಡಿಸಿದರೆ ಡಬ್ಬಿಯೊಳಗೆ ಒಣಗಿ ಕಲ್ಲಾದ ಸುಣ್ಣ ಗಡಗಡ ಅಂದಿತು. ನಗು ಬಂತು. ಅದನ್ನು ಹಿಡಿದು ಗೆಳತಿಯನ್ನು ಕರೆಯಲು ಹೋದಳು.

ಓಬವ್ವ ಬಚ್ಚಲಲ್ಲಿದ್ದಳು. ಹುಚ್ಚಕ್ಕನ ಸಂಚಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ದಾರ ಹೊಸದು. ಎತ್ತಿಕೊಂಡರೆ ಭಾರ. ಬಿಚ್ಚಿದಳು. ಸೊಪ್ಪು ಮೆತ್ತಗೆ, ಘಮಘಮ ಅನ್ನುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದಳು. ಸುಣ್ಣ ಹಸಿ ಇತ್ತು.

ಸಂಚಿಯ ಗುಡಿಸು ತೆಗೆದು ಕೊಂಬು ಕೊಟ್ಟರೆ ಸಂಚು ಆಗುತ್ತದೆ ಎಂಬುದು ಹುಚ್ಚಕ್ಕನಿಗೆ ಅಕ್ಷರ ಬಾರದೆಯೇ ತಿಳಿಯಿತು.

ಹೆಬ್ಬೆರಳಿಗೆ ನೆನಪು ಜಾಸ್ತಿ. ಆಕೆಗೆ ಗೊತ್ತಾಗುವ ಮೊದಲೇ ಅದು ಅಂಗೈಯಲ್ಲಿ ಸೊಪ್ಪನ್ನು ಸುಣ್ಣಕ್ಕೆ ತಿಕ್ಕತೊಡಗಿತ್ತು. ಹಾಕಿಕೊಂಡರೆ ಕೇಳುವವರು ಯಾರು? ಕಾವಲು ಕೂತವಳೇ ಮೇದಿದ್ದಾಳೆ. ಕೈ ಗಲ್ಲದವರೆಗೆ ಬಂದಿತ್ತು. ಒದ್ದೆ ತಲೆಯ ಓಬವ್ವ ಬಾಗಿಲಲ್ಲಿ ನಿಂತಳು.

"ಅಕ್ಕಾ, ಬ್ಯಾಡ," ಎಂದಳು.

ಹುಚ್ಚಕ್ಕ ಆಕೆಯ ಕೈ ಎಳೆದು, ತಿಕ್ಕಿದ್ದನ್ನೆಲ್ಲ ಅದರೊಳಗೆ ಸುರಿದಳು. "ತಗ. ನಿಂದು."

"ನಾನು ಬಿಟ್ಟೆ ಅಂದ್ರೆ ನೀನು ಬಿಡ್ತೀಯ ಅಂತ ಹೇಳಿದ್ದು ಕಣಕ್ಕ. ನೀನು ಉಳೀಲಿ ಅಂತ."

"ಎಷ್ಟು ದಿನ ತಡಕಂಡಿದ್ದೆ?"

ಓಬವ್ವ ನೆಲ ನೋಡಿದಳು. "ಅವತ್ತು ಸಂಜೆತನಕ."

"ಹಾಕ್ಕಳಾಳು ಹಾಕ್ಕಂಡೆ. ನನ್ನ ಸಂಚಿನೇ ಯಾಕೆ?"

"ನಂದು ನಿನ್ನತ್ರ ಇತ್ತಲ್ಲ."

ಹುಚ್ಚಕ್ಕ ಸಂಚಿಯ ಬಾಯಿ ಬಿಗಿದು ದಾರ ಕಟ್ಟಿದಳು. "ಹಲ್ಲು?" ಎಂದು ಕೇಳಿದಳು.

"ಹಲ್ಲು ಚೆನ್ನಾಗೈತೆ."

ಸೊಪ್ಪು ಹಾಕಿದ್ದಕ್ಕಿಂತ ಹುಚ್ಚಕ್ಕನಿಗೆ ಚುಚ್ಚಿದ್ದು ಅದರ ವಾಸನೆ ಮುಚ್ಚಿದ ಆ ಲವಂಗ. ನೂರೈವತ್ತು ಸಂತೆಯ ಲವಂಗ. ಮೂರು ವರ್ಷ ಒಂದೊಂದು ಸಲ ಬಾಯಿ ಸೋಲುವಂತಾದಾಗಲೂ ಆಕೆ ನೆನೆದದ್ದು ದೇವರನ್ನಲ್ಲ, ಕೆನ್ನೆ ಹಿಡಿದುಕೊಂಡು ಕೂತ ಓಬಿಯನ್ನು.

ಧರ್ಮಪುರದ ಬಸ್ಸಿನಲ್ಲಿ ಓಬವ್ವ ಕಿಟಕಿಗೆ ಸರಿದು ಜಾಗ ಬಿಟ್ಟಳು. ಹುಚ್ಚಕ್ಕ ಕಂಬ ಹಿಡಿದು ನಿಂತೇ ಇದ್ದಳು.

"ಸೀಟೈತಲ್ಲಮ್ಮ, ಕುಂತ್ಕಳ್ರಿ," ಎಂದ ಕಂಡಕ್ಟರು.

"ನಿಂತ್ರೂ ಅಲ್ಲಿಗೇ ಹೋಗ್ತೈತೆ, ಬಿಡಪ್ಪ."

ಸಮುದಾಯ ಭವನದಲ್ಲಿ ಚೆಂಡುಹೂವು ಚೆಲ್ಲಿದ ಸ್ಟೀಲು ತಟ್ಟೆಯ ಮೇಲೆ ಎರಡು ಸಂಚಿಗಳನ್ನು ಇಟ್ಟರು. ಕಿರಣ್‌ಕುಮಾರ್ ನಾಲಿಗೆಯ ಹಿಡಿತ ಎಂಬ ವಿಷಯದ ಮೇಲೆ ಐವತ್ತು ನಿಮಿಷ ಮಾತಾಡಿದ. ಶಾಲು ಹೊದಿಸಿದರು. ಓಬವ್ವ ತಟ್ಟೆಯಿಂದ ಕಣ್ಣು ಕೀಳಲಿಲ್ಲ. ಯಾರಾದರೂ ಸಂಚಿಯ ದಾರ ಎಳೆದರೆ ಮುಗಿಯಿತು. ದಾರ ಎಳೆಯುವ ಕೈ ಯಾರದೆಂದೂ ಆಕೆಗೆ ಗೊತ್ತಿತ್ತು. ಹುಚ್ಚಕ್ಕನ ಆ ಕೈ ಶಾಲಿನೊಳಗೆ ಮಡಿಲಲ್ಲಿ ಸುಮ್ಮನೆ ಕೂತಿತ್ತು.

ಕೊನೆಗೆ ಕಿರಣ್‌ಕುಮಾರ್ ತನ್ನ ಸಿದ್ಧಾಂತಕ್ಕೆ ಮುದ್ರೆ ಒತ್ತಿಸಿಕೊಳ್ಳಲು ಮೈಕು ಹಿಡಿದು ಹುಚ್ಚಕ್ಕನ ಮುಂದೆ ಬಗ್ಗಿದ. ಮೊಬೈಲು ಹಿಡಿದವರು ಹತ್ತಿರ ಸರಿದರು.

"ಎದೆ ಮುಟ್ಕಂಡು ಹೇಳ್ರಿ ಹುಚ್ಚಕ್ಕನೋರೆ, ಇಂಥ ಜೊತೆಗಾತಿ ಇಲ್ದಿದ್ರೆ ನಿಮಗೊಬ್ರಿಗೇ ಬಿಡೋಕೆ ಆಗ್ತಿತ್ತಾ?"

ಹುಚ್ಚಕ್ಕ ಓಬವ್ವನ ಕಡೆ ತಿರುಗಲಿಲ್ಲ.

"ಒಬ್ಳೇ ಬಿಟ್ಟಿದ್ದು ಕಣಪ್ಪ."