ಹಿಂದಿನ ಸಾಲಿಗೆ ಹೋದ ಮೈಕು

ಡಿಗ್ರಿ ನಮ್ಮಂಥವರ ಮನೆಗೆ ಬರುವುದಿಲ್ಲ ಎಂದು ಹೇಳಿದವಳು ಬೇರೆ ಯಾರೂ ಅಲ್ಲ, ನಮ್ಮಮ್ಮ. ಜರಗನಹಳ್ಳಿಯಲ್ಲಿ ಓನರ್ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಾ, ತಲೆ ಕೂಡ ಎತ್ತದೆ ಹೇಳಿದ್ದಳು: "ಅವ್ರ ಮಗ್ಳು ಓದ್ತಾಳೆ ಅಂತ ನೀನೂ ಕುಣೀಬೇಡ. ಅವ್ರಿಗೆ ಆಯ್ತದೆ. ನಮಗೆ ಆಗೋದಲ್ಲ ಅದು."

ಓನರ್ ಮಗಳು ನನಗಿಂತ ಸ್ವಲ್ಪ ದೊಡ್ಡವಳು. ಎದುರಿಗೆ ಅಕ್ಕ ಎನ್ನುತ್ತಿದ್ದೆ. ಮನಸ್ಸಿನಲ್ಲಿ ಏನೆನ್ನುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅಮ್ಮ ಅವರ ಮನೆಯಲ್ಲೇ ಅಡುಗೆ ಕೆಲಸ ಮಾಡುತ್ತಿದ್ದಳು. ಅಕ್ಕ ಟ್ಯೂಷನ್ನಿಗೆಂದು ಸ್ಕೂಟಿ ಹತ್ತಿ ಜಯನಗರಕ್ಕೆ ಹೋಗುವ ಹೊತ್ತಿಗೆ ನಾನು ಅವಳು ಓದಿ ಬಿಟ್ಟ ಪುಸ್ತಕಗಳಿಗೆ ಹೊಸದಾಗಿ ರಟ್ಟು ಹಾಕುತ್ತಾ ಕೂತಿರುತ್ತಿದ್ದೆ. ಅಂಚಿನಲ್ಲೆಲ್ಲ ಅವಳು ಬಿಡಿಸಿದ ರಾಕೆಟ್ಟುಗಳು. ರಬ್ಬರ್ ತೆಗೆದುಕೊಂಡು ಅಳಿಸುತ್ತಿದ್ದೆ. ಪೂರ್ತಿ ಅಳಿಯುತ್ತಿರಲಿಲ್ಲ.

ಅಮ್ಮನದು ಒಂದು ಅಭ್ಯಾಸ. ಓನರ್ ಮನೆಯವರನ್ನು ಏನು ಕೇಳಬೇಕಿದ್ದರೂ ತಾನು ಬಾಯಿ ಬಿಡುತ್ತಿರಲಿಲ್ಲ. ನನ್ನನ್ನು ಮುಂದೆ ನಿಲ್ಲಿಸಿ ಹಿಂದಿನಿಂದ ಮೊಣಕೈಯಲ್ಲಿ ತಿವಿಯುತ್ತಿದ್ದಳು. "ಹೇಳೇ, ನಲ್ಲೀಲಿ ನೀರ್ ಬತ್ತಿಲ್ಲ ಅನ್ನು." ನಾನು ಅನ್ನುತ್ತಿದ್ದೆ. ಮತ್ತೊಂದು ತಿವಿತ. "ಶೀಟು ಸೋರ್ತದೆ ಅನ್ನು." ಅದನ್ನೂ ಅನ್ನುತ್ತಿದ್ದೆ. ಓನರ್ ಆಂಟಿ ನಗುತ್ತಿದ್ದರು. "ನಿಮ್ಮಮ್ಮಂಗೆ ಬಾಯಿಲ್ವೇನೇ?" ಅಮ್ಮನೂ ನಗುತ್ತಿದ್ದಳು. ಮಾತು ಮಾತ್ರ ಇಲ್ಲ.

ನಾನು ಹಗಲು ಸಾರಕ್ಕಿ ಸಿಗ್ನಲ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡಿಕೊಂಡು, ಸಂಜೆ ಕಾಲೇಜಿಗೆ ಹೋಗಿ, ಇಂಗ್ಲಿಷಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ ಬಿ.ಎ. ಮುಗಿಸಿದೆ. ಅಪ್ಪನ ಕಡೆಯಾಗಲಿ ಅಮ್ಮನ ಕಡೆಯಾಗಲಿ ಅದೇ ಮೊದಲ ಡಿಗ್ರಿ. ರಿಸಲ್ಟ್ ಬಂದ ದಿನ ಮೈಸೂರು ಪಾಕ್ ಹಿಡಿದು ಓನರ್ ಮನೆಗೆ ಹೋದರೆ ಅಲ್ಲಿ ಟೇಬಲ್ ಮೇಲೆ ಅದಕ್ಕಿಂತ ದೊಡ್ಡ ಸ್ವೀಟ್ ಡಬ್ಬ. ಅಕ್ಕನಿಗೆ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು. ಆಂಟಿ ನನ್ನ ಡಬ್ಬವನ್ನು ತೆರೆಯದೆ ಫ್ರಿಜ್ ಮೇಲಿಟ್ಟು, ತಮ್ಮ ಡಬ್ಬದಿಂದ ಒಂದು ತುಂಡು ತೆಗೆದು ನನ್ನ ಬಾಯಿಗಿಟ್ಟರು. ಚೆನ್ನಾಗಿತ್ತು. ಚೆನ್ನಾಗಿತ್ತಲ್ಲ ಎನ್ನುವುದೇ ನನ್ನ ಸಿಟ್ಟು.

ಚಂದ್ರನ ಮೇಲೆ ನಮ್ಮ ದೇಶದ ನೌಕೆ ಇಳಿದ ಸಂಜೆ ಬೀದಿಯವರೆಲ್ಲ ಓನರ್ ಮನೆಯ ಹಾಲಿನಲ್ಲಿ ಸೇರಿದ್ದರು. ನಾನೂ ಕೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದೆ. ದೇಶಕ್ಕೆ ಹೊಡೆದೆ, ಅವಳಿಗಲ್ಲ. ಟೀವಿಯಲ್ಲಿ ಕುಣಿಯುತ್ತಿದ್ದ ಗುಂಪಿನ ನಡುವೆ ಮಗಳು ಕಂಡಳೆಂದು ಆಂಟಿ ಕಿರುಚಿದರು. ನನಗೆ ಕಂಡದ್ದು ಒಂದು ಜಡೆ.

"ಅದು ಅಕ್ಕ ಅಲ್ಲ ಬಿಡಿ ಆಂಟಿ, ಬೇರೆ ಯಾರೋ" ಎಂದೆ.

ಅಮ್ಮ ಹಿಂದಿನಿಂದ ತಿವಿದಳು. ಆ ಸಲದ ತಿವಿತ ಮಾತಾಡು ಅಂತಲ್ಲ, ಬಾಯಿ ಮುಚ್ಚು ಅಂತ.

ಆ ಹೊತ್ತಿಗೆ ನಾನು ಬನಶಂಕರಿಯ ಒಂದು ಕಚೇರಿ ಸೇರಿದ್ದೆ. ಗ್ರಾಮಸಭೆಯಲ್ಲಿ ಜನ ಆಡುವ ಮಾತನ್ನು ಕೇಳಿಸಿಕೊಂಡು, ಯಾರು ಏನು ಹೇಳಿದರು ಎಂದು ದನಿಯ ಗುರುತಿನಲ್ಲೇ ಬೇರೆ ಮಾಡಿ, ತಾನೇ ನಡಾವಳಿ ಬರೆಯುವ ಎಐ ಅವರದು. ಅದು ಬರೆದದ್ದನ್ನು ತಿದ್ದುವುದು ನನ್ನ ಕೆಲಸ, ಅದೂ ಗುತ್ತಿಗೆಯ ಮೇಲೆ. ಆಮೇಲೆ ತರಬೇತಿಗೆ ಕರೆದರು. ಪಾಸಾಗಿ ಸರ್ಟಿಫಿಕೇಟ್ ಪಡೆದವರು ಪಂಚಾಯ್ತಿಗಳಿಗೆ ಹೋಗಿ ಇದನ್ನು ಕಲಿಸುವ ಕಾಯಂ ತರಬೇತುದಾರರು. ಪಡೆಯದಿದ್ದರೆ ನನಗೆ ಮತ್ತೆ ಝೆರಾಕ್ಸ್ ಅಂಗಡಿಯ ಟೈಪಿಂಗೇ. ನನಗೆ ಆ ಸರ್ಟಿಫಿಕೇಟ್ ಬೇಕೇ ಬೇಕಿತ್ತು. ಕೆಲಸಕ್ಕೂ ಬೇಕಿತ್ತು, ಅಕ್ಕನ ಹತ್ತಿರ ಇಲ್ಲದ್ದೊಂದು ನನ್ನ ಹತ್ತಿರ ಇರಲಿ ಎನ್ನುವುದಕ್ಕೂ ಬೇಕಿತ್ತು.

ಮೊದಲ ದಿನ ಕ್ಲಾಸಿಗೆ ಅತಿಥಿಯಾಗಿ ಬಂದವಳು ಅವಳೇ. ಉಪಗ್ರಹ ತೆಗೆದ ಚಿತ್ರದಲ್ಲಿ ಹಳ್ಳಿಯ ಕೆರೆ ಎಲ್ಲಿ ಕಿರಿದಾಗಿದೆ, ಯಾರ ಹೊಲದ ಬದು ಎಲ್ಲಿಗೆ ಮುಗಿಯುತ್ತದೆ, ಪಂಚಾಯ್ತಿ ಅದನ್ನು ಹೇಗೆ ಓದಬೇಕು ಎಂದು ತೋರಿಸಿದಳು. ಒಂದು ಮಾತೂ ತಲೆಯ ಮೇಲೆ ಹಾರಿಹೋಗದ ಹಾಗೆ ಹೇಳಿದಳು. ಇವಳಿಗೆ ಪಾಠ ಮಾಡುವುದೂ ಬರುತ್ತದಾ ಎಂದು ನನ್ನ ಹೊಟ್ಟೆ ಇನ್ನೊಂದು ಸುತ್ತು ಉರಿಯಿತು. ಅಷ್ಟರಲ್ಲಿ ಕೊನೆಯ ಬೆಂಚಿನಲ್ಲಿದ್ದ ನನ್ನನ್ನು ನೋಡಿಬಿಟ್ಟಳು.

"ಅಯ್ಯೋ, ಇವ್ಳು ನಮ್ಮನೆ ಹುಡುಗಿ! ನಮ್ಮನೇಲೇ ಬೆಳ್ದಿದ್ದು!"

ಪ್ರೀತಿಯಿಂದಲೇ ಅಂದಳು. ಪಕ್ಕದವನು ನನ್ನ ಕಡೆ ಬಗ್ಗಿ, "ಏನ್ ಗುರು, ಹೇಳೇ ಇಲ್ವಲ್ಲ! ಮೇಡಂ ಜೊತೆ ಒಂದು ಫೋಟೋ ಕೊಡ್ಸು ಪ್ಲೀಸ್" ಎಂದ. ಎಲ್ಲರೂ ಅವಳ ಜೊತೆ ನಿಂತರು. ಎಲ್ಲರ ಫೋಟೋ ತೆಗೆದವಳು ನಾನು. ಆ ಫೋಟೋಗಳಲ್ಲಿ ನಾನೊಬ್ಬಳು ಇಲ್ಲ.

ಕೊನೆಯ ಪರೀಕ್ಷೆ ಎಂದರೆ ನಿಜವಾದ ಗ್ರಾಮಸಭೆಯೊಂದನ್ನು ನಡೆಸುವುದು. ನನಗೆ ಸಿಕ್ಕಿದ್ದು ಕನಕಪುರ ರಸ್ತೆಯಿಂದ ಒಳಗಿರುವ ಒಂದು ಹಳ್ಳಿ. ಶಾಲೆಯ ಹಾಲಿನಲ್ಲಿ ಜಮಖಾನ, ಮುಂದೆ ಟೇಬಲ್, ಟೇಬಲ್ ಮೇಲೆ ಮೈಕು. ಪರೀಕ್ಷೆ ಮಾಡಲು ಬಂದ ಸಾಹೇಬರು ಮೂಲೆಯಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಗಂಡನ ಪಕ್ಕ ಕೂತಿದ್ದ ಗಟ್ಟಿ ದನಿಯ ಹೆಂಗಸೊಬ್ಬರು ಎದ್ದು ಒಂದರ ಹಿಂದೆ ಒಂದು ವಿಷಯ ಹೇಳುತ್ತಾ ಹೋದರು. ಬೀದಿ ದೀಪ, ನಲ್ಲಿ, ಅಂಗನವಾಡಿ ಸೂರು, ವಿಧವಾ ವೇತನ. ಸಭೆ ಮುಗಿಯುತ್ತಲೇ ಎಐ ನಡಾವಳಿ ಬರೆದುಕೊಟ್ಟಿತು. ನಾನು ಹೆಮ್ಮೆಯಿಂದ ಗಟ್ಟಿಯಾಗಿ ಓದಿದೆ. ಸದರಿಯವರ ಪತಿ ತೀರಿಕೊಂಡಿದ್ದು, ವಿಧವಾ ವೇತನ ನಿಂತುಹೋಗಿದೆ ಎಂದು ತಿಳಿಸಿರುತ್ತಾರೆ.

ಪಕ್ಕದಲ್ಲಿದ್ದ ಗಂಡ ಎದ್ದು ನಿಂತ. "ಏನವ್ವಾ ಇದು? ನಾನ್ ಇಲ್ಲೇ ಕುಂತಿವ್ನಿ. ಯಾವಾಗ್ ಸತ್ತೆ?"

ಹೆಂಡತಿ ಅವನ ಪಂಚೆ ಹಿಡಿದು ಎಳೆದರು. "ಕುಂತ್ಕಳಿ ಸುಮ್ಕೆ. ದುಡ್ಡು ಬತ್ತದೇನೋ ನೋಡಾಣ."

ಹಾಲಿಗೆ ಹಾಲೇ ನಕ್ಕಿತು. ಸಾಹೇಬರು ಮಾತ್ರ ನಗಲಿಲ್ಲ. "ಮೇಡಂ, ನಿಮ್ಮ ಎಐ ಬದುಕಿರೋರನ್ನ ಸಾಯಿಸ್ತಾ ಇದೆ" ಎಂದು ಪೆನ್ನಿನ ಮುಚ್ಚಳ ಹಾಕಿದರು. ಮತ್ತೆ ಟೈಪಿಂಗೇ ಗತಿ ಎಂದುಕೊಂಡೆ.

ಎಐ ತಪ್ಪು ಕೇಳಿಸಿಕೊಂಡಿರಲಿಲ್ಲ. ಎಲ್ಲವೂ ಒಂದೇ ದನಿಯಲ್ಲಿ ಬಂದಿತ್ತು, ಒಬ್ಬರದೇ ಕಷ್ಟ ಎಂದುಕೊಂಡಿತು. ನಾನು ಜಮಖಾನದ ಕಡೆ ನೋಡಿದೆ. ಮುಂದಿನ ಸಾಲಿನ ಆ ಹೆಂಗಸನ್ನು ಹಿಂದಿನವರು ತಿವಿಯುತ್ತಿದ್ದರು, ಅವರನ್ನು ಅವರ ಹಿಂದಿನವರು. ಗೋಡೆಗೆ ಒರಗಿ ಕೂತಿದ್ದ ಬಿಳಿ ಸೀರೆಯ ಅಜ್ಜಿಯೊಬ್ಬರ ಮೊಣಕೈ ಆಗಲೂ ಆಡುತ್ತಿತ್ತು. ಆ ಮೊಣಕೈ ನನಗೆ ಗೊತ್ತು. ಅದರ ಗುರುತು ನನ್ನ ಬೆನ್ನ ಮೇಲಿದೆ.

"ಸಾರ್, ಇನ್ನೊಂದ್ಸಲ ಮಾಡ್ತೀನಿ" ಎಂದೆ. ಟೇಬಲ್ ಮೇಲಿಂದ ಮೈಕು ಕಿತ್ತುಕೊಂಡು ಹಿಂದಿನ ಸಾಲಿಗೆ ಹೋದೆ.

ಅಜ್ಜಿ ಸೆರಗು ಬಾಯಿಗೆ ಹಿಡಿದರು. "ಅವ್ಳೇ ಯೋಳ್ತಾಳೆ ಬುಡವ್ವ. ನಂಗೆ ಮಾತ್ ಬರಾಕಿಲ್ಲ."

ಮೈಕನ್ನು ಅವರ ಮಡಿಲಲ್ಲಿಟ್ಟೆ. ಎದುರಿಗೆ ನಿಂತರೆ ಇವರು ಮಾತಾಡುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಅವರಿಗೂ ಗೋಡೆಗೂ ನಡುವೆ ನುಸುಳಿ ಹಿಂದೆ ಕೂತು, ಮೊಣಕೈಯಲ್ಲಿ ಮೆಲ್ಲಗೆ ತಿವಿದೆ. "ಹೇಳಿ ಅಜ್ಜಿ, ವೇತನ ನಿಂತೋಗಿದೆ ಅನ್ನಿ."

ಅಜ್ಜಿ ತಿರುಗಿ ನೋಡಿ ನಕ್ಕರು. "ನನ್ನೇ ತಿವಿತೀಯಲ್ಲೇ ಮುಂಡೇದೇ!" ನಕ್ಕ ಮೇಲೆ ದನಿ ಬಂತು. ತಮ್ಮ ಹೆಸರು, ತೀರಿಕೊಂಡ ಗಂಡನ ವಿಷಯ, ಬ್ಯಾಂಕಿಗೆ ಅಲೆದದ್ದು, ಎಲ್ಲವನ್ನೂ ತಾವೇ ಹೇಳಿದರು. ಆಮೇಲೆ ಪಕ್ಕದವರು, ಅವರ ಪಕ್ಕದವರು. ಈ ಸಲದ ನಡಾವಳಿಯಲ್ಲಿ ಅವರವರ ಕಷ್ಟ ಅವರವರ ಹೆಸರಿನಲ್ಲಿತ್ತು.

ಮುಂದಿನ ಸಾಲಿನ ಗಂಡ ಕೂಗಿ ಕೇಳಿದ. "ಈಗ್ಲಾದ್ರೂ ಬದ್ಕಿವ್ನಾ ನಾನು?"

"ಬದ್ಕಿದ್ದೀರ ಅಣ್ಣ" ಎಂದೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಪಾಸಾದೆ. ಇನ್ನು ಮುಂದೆ ಎಲ್ಲ ಕಡೆಯೂ ಮೈಕು ಮೊದಲು ಹಿಂದಿನ ಸಾಲಿಗೆ ಹೋಗಬೇಕು, ಹಾಗೆಂದು ಎಲ್ಲರಿಗೂ ನಾನೇ ಕಲಿಸಬೇಕು ಎಂದು ಕಚೇರಿಯವರು ಹೇಳಿದಾಗ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸರ್ಟಿಫಿಕೇಟ್ ಕೊಡಲು ಯಾರು ಬರುತ್ತಾರೆಂದು ತಿಳಿದ ಮೇಲೆ ಎರಡೂ ಕಾಲು ನೆಲಕ್ಕೆ ಬಂದವು. ಜ್ವರ ಎಂದು ಹೇಳಿ ಮನೆಯಲ್ಲೇ ಮಲಗಿಬಿಡೋಣ ಅನಿಸಿತು. ಆದರೆ ಅಮ್ಮ ಬೆಳಿಗ್ಗೆಯೇ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟು, ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಹಿಡಿದು ಬನಶಂಕರಿಗೆ ಹೋದೆವು.

ಅವರವರ ಮನೆಯವರನ್ನೂ ವೇದಿಕೆಗೆ ಕರೆದರು. ಅಮ್ಮ ಎಂದಿನಂತೆ ನನ್ನ ಬೆನ್ನ ಹಿಂದೆ ಬಂದು ನಿಂತಳು. ಅಕ್ಕ ಸರ್ಟಿಫಿಕೇಟನ್ನು ನನ್ನ ಕೈಗಿಟ್ಟು, ಹೆಗಲ ಮೇಲೆ ಕೈ ಹಾಕಿ, ಮೈಕಿನ ಕಡೆ ತಿರುಗಿದಳು.

"ಇವ್ಳು ನಮ್ಮನೆ ಹುಡುಗಿ. ನಮ್ಮನೇಲೇ ಬೆಳ್ದಿದ್ದು."

ಸಭೆ ಚಪ್ಪಾಳೆ ತಟ್ಟಿತು. ನಾನು ಕಾಗದವನ್ನು ಗಟ್ಟಿಯಾಗಿ ಹಿಡಿದುಕೊಂಡು, ಬೆನ್ನಿಗೆ ಬೀಳುವ ತಿವಿತಕ್ಕೆ ಕಾದೆ. ಥ್ಯಾಂಕ್ಸ್ ಹೇಳೇ ಎನ್ನುವ ತಿವಿತ. ಅದು ಬೀಳಲಿಲ್ಲ. ರೇಷ್ಮೆ ಸೀರೆ ಸರಕ್ಕೆಂದಿತು. ಅಮ್ಮ ನನ್ನ ಬೆನ್ನ ಹಿಂದಿನಿಂದ ಈಚೆ ಬಂದು ಅಕ್ಕನ ಎದುರಿಗೆ ನಿಂತಳು.

"ನಿಮ್ಮನೇಲಲ್ಲ ಪುಟ್ಟಮ್ಮ, ನಿಮ್ಮನೆ ಹಿಂದ್ಗಡೆ" ಎಂದಳು. "ಬೆಳ್ಸಿದ್ದು ನಾನು."