ಸೆರಗಿಲ್ಲದ ಮಣಿ

ನಮ್ಮ ವೈನಿ ಚಂದ್ರವ್ವ ಬೆಂಕಿಯ ಮುಂದೆ ಕೂತಳೆಂದರೆ ಯಾರು ಕರೆದರೂ ಓಗೊಡುವುದಿಲ್ಲ. ನಾನು ಎರಡು ಸಲ ಸಮಾಧಾನದಿಂದ ಕರೆಯುತ್ತೇನೆ, ಆಮೇಲೆ ಬೈಯುತ್ತೇನೆ. ಬೈದರೂ ಅಷ್ಟೇ. ಕೈ ಇಲ್ಲಿ ತಿರುಗುತ್ತಿರುತ್ತದೆ, ಕಣ್ಣು ಇಲ್ಲಿ ಉರಿಯನ್ನು ನೋಡುತ್ತಿರುತ್ತದೆ, ಆಕೆ ಮಾತ್ರ ಎಲ್ಲಿಗೋ ಹೋಗಿರುತ್ತಾಳೆ. ಚಹಾ ಆರಿ ಕೆನೆಗಟ್ಟಿದ ಮೇಲೆ ಬಂದು, "ಕರದಿದ್ದೇನ ಅನಪವ್ವಾ?" ಎಂದು ಕೇಳುತ್ತಾಳೆ. ಅಂಥವಳ ಮೇಲೆ ಸಿಟ್ಟನ್ನಾದರೂ ಎಷ್ಟು ಹೊತ್ತು ಇಟ್ಟುಕೊಳ್ಳುವುದು?

ನಾನು ಅನ್ನಪೂರ್ಣ, ಚಂದ್ರವ್ವನ ಗಂಡ ಕಲ್ಲಣ್ಣನ ತಂಗಿ. ಬೆಟಗೇರಿಯ ಒಂದೇ ಓಣಿಯಲ್ಲಿ ನಮ್ಮಿಬ್ಬರ ಮನೆ. ಅಣ್ಣ ಸೀರೆ ನೇಯುತ್ತಾನೆ, ವೈನಿ ಗಾಜಿನ ಮಣಿ ಮಾಡುತ್ತಾಳೆ, ನಾನು ಸೀರೆಯ ಸೆರಗಿಗೆ ಆ ಮಣಿ ಪೋಣಿಸಿ ಗೊಂಡೆ ಕಟ್ಟುತ್ತೇನೆ. ಮೂವರಲ್ಲಿ ಬಾಯಿ ಇರುವುದು ನನಗೊಬ್ಬಳಿಗೇ. ಅಣ್ಣ ವರ್ಷದ ಮಾತನ್ನೆಲ್ಲ ಕೂಡಿಸಿದರೂ ಒಂದು ಸಂತೆಯ ದಿನಕ್ಕೆ ಸಾಲುವುದಿಲ್ಲ. ಆತ ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಒಮ್ಮೆ ಮಾತ್ರ. ಗದಗಿನ ಅಂಗಡಿಯವನೊಬ್ಬ ಬಂದು, ಮದುವೆ ಗಿರಾಕಿ ಕಾಯುತ್ತಿದ್ದಾರೆ, ಸೆರಗು ಬೇಡ, ನೇಯ್ದಷ್ಟನ್ನೇ ಕತ್ತರಿಸಿ ಕೊಡು ಎಂದು ಅವಸರ ಮಾಡಿದ್ದ. ಅಣ್ಣ ಲಾಳಿ ಕೆಳಗಿಟ್ಟು ಹೇಳಿದ:

"ಸೆರಗ ನೆಯ್ಯೋತನಾ ಅದು ಸೀರಿ ಅಲ್ಲರೀ, ಇನ್ನೂ ಮಗ್ಗದ ಮ್ಯಾಲ ಐತಿ. ಮಗ್ಗದ ಮ್ಯಾಲಿಂದಕ್ಕ ಕತ್ತರಿ ಹಚ್ಚಬಾರದು."

ಅಂಗಡಿಯವನು ಸೆರಗು ಮುಗಿಯುವವರೆಗೆ ಕಾದ. ನಮ್ಮ ಮನೆತನದಲ್ಲಿ ಇದು ಅಜ್ಜನ ಕಾಲದಿಂದ ನಡೆದುಬಂದದ್ದು.

ವೈನಿ ಮದುವೆಯಾಗಿ ಬಂದಾಗಿನಿಂದ ಅಣ್ಣನ ಲಾಳಿಗೆ ಕಂಡಿಕೆ ಸುತ್ತಿದವಳು. ಬೆರಳುದ್ದದ ಕಡ್ಡಿಗೆ ನೂಲು ಸುತ್ತುವುದೇ ಕಂಡಿಕೆ. ಒಂದು ಕೈ ರಾಟೆ ತಿರುಗಿಸಬೇಕು, ಇನ್ನೊಂದು ಕೈ ನೂಲನ್ನು ಅತ್ತಿಂದಿತ್ತ ಆಡಿಸುತ್ತ ಹೋಗಬೇಕು. ನಡುವೆ ಹೊಟ್ಟೆ ಬರುತ್ತದೆ, ಎರಡೂ ತುದಿ ಸಣ್ಣಗಾಗುತ್ತವೆ. ಒಂದು ಶ್ರಾವಣದಲ್ಲಿ ಬಳೆ ಇಡಿಸಿಕೊಳ್ಳಲು ಇಲಿಯಾಸನ ಅಂಗಡಿಗೆ ಹೋದವಳು ಊಟದ ಹೊತ್ತು ಮೀರಿದರೂ ಬರಲಿಲ್ಲ. ಹೋಗಿ ನೋಡಿದರೆ ಅಲ್ಲಿಯೇ ನಿಂತಿದ್ದಾಳೆ. ಇಲಿಯಾಸ ಹರೆಯದಲ್ಲಿ ಉತ್ತರದ ಕಡೆ ಬಳೆ ಭಟ್ಟಿಗಳಲ್ಲಿ ದುಡಿದು ಬಂದವನು. ಬರುವಾಗ ಅಕ್ಕಸಾಲಿಗರ ಹತ್ತಿರ ಇರುವಂಥ ಗ್ಯಾಸಿನ ಬರ್ನರು ತಂದಿದ್ದ. ಗಿರಾಕಿ ಇಲ್ಲದಾಗ ಗಾಜಿನ ಕಡ್ಡಿ ಕರಗಿಸಿ ಮಣಿ ಮಾಡುತ್ತಿದ್ದ. ವೈನಿ ಮರುದಿನವೂ ಹೋದಳು, ಅದರ ಮರುದಿನವೂ. ಕೊನೆಗೆ ಆತನೇ, "ಚಂದ್ರಕ್ಕಾ, ನಿಂತು ಕಾಲ ಯಾಕ ನೋಯಿಸ್ಕೋತೀರಿ, ಬರ್ರಿ, ಕುಂಡ್ರಿ" ಎಂದು ಸ್ಟೂಲು ಸರಿಸಿದ.

ಕೆಲಸ ನೋಡಲು ಸುಲಭ. ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ಜೇಡಿಮಣ್ಣಿನ ನೀರಲ್ಲಿ ಅದ್ದಿ ಒಣಗಿಸಬೇಕು. ಆ ಲೇಪ ಇಲ್ಲದಿದ್ದರೆ ಮಣಿ ಕಡ್ಡಿಗೇ ಅಂಟಿ ಕೂರುತ್ತದೆ. ಗಾಜಿನ ಕಡ್ಡಿಯ ತುದಿಯನ್ನು ಉರಿಗೆ ಹಿಡಿದರೆ ಅದು ಜೇನಿನಂತೆ ತೊಟ್ಟಿಕ್ಕಲು ಬರುತ್ತದೆ. ಆಗ ಉಕ್ಕಿನ ಕಡ್ಡಿಗೆ ತಾಗಿಸಿ ಸುತ್ತಬೇಕು. ಸುತ್ತುವ ಕೈ ನಿಲ್ಲಬಾರದು, ನಿಂತರೆ ಗಾಜು ಒಂದು ಕಡೆಗೆ ಜೋತುಬೀಳುತ್ತದೆ. "ಒಂದ ಜಾಗಾದಾಗ ಸುತ್ರಿ ಅಕ್ಕಾ" ಎಂದು ಇಲಿಯಾಸ ಹೇಳಿ ಹೇಳಿ ಸೋತ. ವೈನಿಯ ಕೈ ಕೇಳಬೇಕಲ್ಲ! ಅದು ನೂಲಿನ ರೂಢಿಯಲ್ಲಿ ಅತ್ತಿಂದಿತ್ತ ಹೋಗುವುದೇ. ದುಂಡು ಮಣಿ ಆಗಬೇಕಾದಲ್ಲಿ ಥೇಟು ಕಂಡಿಕೆ ಆಗುತ್ತಿತ್ತು. ನಾವೆಲ್ಲ ನಕ್ಕೆವು. ಈಗ ಲಕ್ಷ್ಮೇಶ್ವರದಿಂದಲೂ ಹೆಣ್ಣುಮಕ್ಕಳು ಬಂದು ಕಂಡಿಕೆ ಮಣಿಯೇ ಬೇಕು ಎಂದು ಹಟ ಹಿಡಿಯುತ್ತಾರೆ. ಪ್ರತಿ ಮಣಿಯ ಒಂದು ತುದಿಗೆ ವೈನಿ ಕೆಂಪು ಗಾಜಿನ ಎಳೆ ಸುತ್ತಿ, ಮೇಲೆ ಬಿಳಿ ಚುಕ್ಕೆ ಇಡುತ್ತಾಳೆ. ಅದು ಮಣಿಯ ಸೆರಗು. ಸೆರಗಿಲ್ಲದ ಮಣಿ ಆಕೆಯ ಕೈಯಿಂದ ಇಳಿದದ್ದೇ ಇಲ್ಲ.

ನಮ್ಮೂರಿನ ಗಾಳಿ ಗೊತ್ತಲ್ಲ, ಕಪ್ಪತಗುಡ್ಡದ ಕಡೆಯಿಂದ ಹೊರಟರೆ ಒಲೆಯ ಉರಿಯನ್ನೂ ಮಲಗಿಸುತ್ತದೆ. ಅದಕ್ಕೇ ವೈನಿ ನಸುಕಿನಲ್ಲಿ, ಗಾಳಿ ಏಳುವ ಮೊದಲು, ಮಗ್ಗದ ಮನೆಯ ಮೂಲೆಯಲ್ಲಿ ತನ್ನದೇ ಬರ್ನರಿನ ಮುಂದೆ ಕೂರುತ್ತಾಳೆ. ಆ ಹೊತ್ತಿನಲ್ಲಿ ಹಿಂದೆ ನಿಂತು ನೋಡಿದರೆ ನನ್ನಂಥ ಗಡಿಬಿಡಿಯವಳಿಗೂ ಮಂಪರು ಬರುತ್ತದೆ. ಉರಿಯಲ್ಲಿ ಬಣ್ಣಗಳಿಗೆ ತಮ್ಮ ಹೆಸರೇ ಮರೆತುಹೋಗುತ್ತದೆ. ಹಸಿರು, ನೀಲಿ, ಕೆಂಪು ಎಲ್ಲವೂ ಒಂದೇ ಕಿತ್ತಳೆ. ಹಾಗೆಯೇ ಒಯ್ದು ಬಿಸಿ ಬೂದಿಯ ಗಡಿಗೆಯಲ್ಲಿ ಹೂಳಬೇಕು. ಗಾಳಿಗೆ ಹಿಡಿದರೆ ಗಾಜು ಬೆಚ್ಚಿ ಒಡೆಯುತ್ತದೆ, ಬೂದಿಯಲ್ಲಿದ್ದರೆ ನಿಧಾನವಾಗಿ ಆರುತ್ತದೆ. ಯಾವ ಬಣ್ಣ ಹೇಗೆ ಬಂತೆಂದು ಮರುದಿನ ಬೂದಿ ಕೆದರಿದಾಗಲೇ ತಿಳಿಯುವುದು. "ಬಣ್ಣ ನಿದ್ದಿ ಮಾಡ್ತಾವ ಅನಪವ್ವಾ, ಎಬ್ಬಸಬ್ಯಾಡ" ಎನ್ನುತ್ತಾಳೆ ವೈನಿ. ಹುಚ್ಚು ಮಾತು ಎಂದು ನಾನು ಗೊಣಗುತ್ತೇನೆ, ಆದರೂ ಗಡಿಗೆಯ ಹತ್ತಿರ ಮೆಲ್ಲಗೆ ನಡೆಯುತ್ತೇನೆ.

ಅಣ್ಣ ವೈನಿಯ ಮಗಳು ರೋಹಿಣಿಯನ್ನು ಮುಂಡರಗಿಗೆ ಕೊಟ್ಟಿದೆ. ಗಂಡ ಆನಂದ ಒಳ್ಳೆಯ ಹುಡುಗ. ಹಿಂದೊಮ್ಮೆ ಆಕೆ ಬಸುರಿಯಾದಾಗ ಇದೇ ಮನೆಯಲ್ಲಿ ಕುಬಸ ಮಾಡಿದೆವು, ಸೀಮಂತಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಅಣ್ಣ ನೇಯ್ದ ಹಸಿರು ಸೀರೆ ಉಡಿಸಿದೆವು. ಇಲಿಯಾಸ ಮನೆಗೇ ಬಂದು ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದ. ಹುಡುಗಿ ಒಳಗೆ ಹೊರಗೆ ಓಡಾಡಿದರೆ ಮನೆಯೇ ಗಲಗಲ ಎನ್ನುತ್ತಿತ್ತು. ಕೂಸು ಉಳಿಯಲಿಲ್ಲ. ಉಸಿರಿಲ್ಲದೆ ಹುಟ್ಟಿತು. ದವಾಖಾನೆಯಲ್ಲಿ ಸಾಬೂನು ಹಚ್ಚಿ ಒಂದೊಂದೇ ಬಳೆ ತೆಗೆದು ಸ್ಟೀಲಿನ ತಟ್ಟೆಗೆ ಹಾಕಿದರಂತೆ. "ಆ ಸಪ್ಪಳಾ ಇನ್ನೂ ಕಿವ್ಯಾಗಿಂದ ಹೊಂಟಿಲ್ಲತ್ತಿ" ಎಂದು ರೋಹಿಣಿ ನನ್ನೆದುರು ಒಮ್ಮೆ ಹೇಳಿ, ಮತ್ತೆ ಆ ಸುದ್ದಿ ಎತ್ತಲಿಲ್ಲ. ಅಲ್ಲಿಂದ ಗಾಜಿನ ಬಳೆ ಮುಟ್ಟಿಲ್ಲ.

ಈ ಸಲ ಮತ್ತೆ ಬಸುರಿಯಾಗಿ, ಏಳು ತಿಂಗಳು ತುಂಬಿದ ಮೇಲೆ ತವರಿಗೆ ಬಂದಳು. ಕುಬಸದ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಓಣಿಯ ಹೆಂಗಸರು ಬಂದು ಬಳೆಗೈ ಆಡಿಸಿ ಮಾತಾಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ವೈನಿ ತನ್ನ ಬಳೆಗಳ ಸುತ್ತ ಹಳೆಯ ಸೀರೆಯ ಪಟ್ಟಿ ಬಿಗಿದುಕೊಂಡು ಓಡಾಡುತ್ತಿದ್ದಳು.

ಒಂದು ಸಂಜೆ ರೋಹಿಣಿ ಪೇಢೆಯ ಡಬ್ಬಿಯೊಂದನ್ನು ತಂದು ತಾಯಿಯ ಮುಂದಿಟ್ಟಳು. ಒಳಗೆ ಅರಿವೆಯಲ್ಲಿ ಸುತ್ತಿದ ಅವೇ ಹಸಿರು ಬಳೆಗಳು.

"ಯವ್ವಾ, ಒಗಿಯಾಕ ಮನಸಿಲ್ಲ, ಇಟ್ಗೊಳ್ಳಾಕ ಆಗವಲ್ದು. ಸಪ್ಪಳಾ ಮಾಡಲಾರದಂಗ ಏನರ ಮಾಡಿಕೊಡು. ಕೊಳ್ಳಾಗ ಕಟ್ಗೊಂಡು ದವಾಖಾನಿಗೆ ಹೋಗ್ತೀನಿ. ಒಬ್ಬಾಕಿನ ಹೋಗಾಕ ನನಗ ಅಂಜಿಕಿ ಆಕ್ಕೈತಿ."

"ಒಬ್ಬಾಕಿ ಯಾಕ, ನಾವೆಲ್ಲಾ ಬರ್ತೀವಲ್ಲ?" ಎಂದೆ ನಾನು.

"ನೀವು ಬಾಗಲತನಾ ಬರ್ತೀರಿ ಅತ್ತಿ."

ವೈನಿ ಡಬ್ಬಿಯನ್ನು ಉಡಿಯಲ್ಲಿ ಇಟ್ಟುಕೊಂಡು, "ಆತವ್ವಾ" ಎಂದಳು.

ಆತು ಎಂದದ್ದು ಸುಲಭ. ಬಳೆಯಿಂದ ಮಣಿ ಮಾಡಬೇಕೆಂದರೆ ಮೊದಲು ಬಳೆ ಒಡೆಯಬೇಕು. ಬಸುರಿಯ ಹಸಿರು ಬಳೆಯನ್ನು, ಅದೂ ತಾಯಿಯ ಕೈಯಿಂದ! ನನ್ನ ಕೈಗೆ ಕೊಡಿ, ಹಿತ್ತಲಲ್ಲಿ ಕುಟ್ಟಿಕೊಂಡು ಬರುತ್ತೇನೆ ಎಂದದ್ದಕ್ಕೆ ವೈನಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮರುದಿನ ನಸುಕಿನಲ್ಲಿ ಆಕೆ ಬಳೆ ಒಡೆಯಲಿಲ್ಲ, ಬಿಚ್ಚಿದಳು. ಬಳೆಯ ಒಂದು ಮಗ್ಗುಲು ಚಿಮಟದಲ್ಲಿ ಹಿಡಿದು, ಇನ್ನೊಂದು ಮಗ್ಗುಲನ್ನು ಉರಿಯ ಬಾಲಕ್ಕೆ ತೋರಿಸಿ, ದೂರ ಒಯ್ದು, ಮತ್ತೆ ತೋರಿಸಿ, ಮೆಲ್ಲಗೆ ರೂಢಿ ಮಾಡಿಸಿದಳು. ತಣ್ಣನೆಯ ಗಾಜನ್ನು ಒಮ್ಮೆಲೇ ಉರಿಗೆ ಹಿಡಿದರೆ ಚಟ್ಟನೆ ಸಿಡಿಯುತ್ತದೆ. ಮಗ್ಗುಲು ಕೆಂಪಾಗಿ ಮೆತ್ತಗಾದಾಗ ಇನ್ನೊಂದು ಚಿಮಟದಿಂದ ಎಳೆದಳು. ಬಳೆ ತೆರೆದುಕೊಂಡು ನೂಲಿನ ಎಳೆಯ ಹಾಗೆ ನೆಟ್ಟಗಾಯಿತು. ಬೆಳಗಾಗುವವರೆಗೆ ಬಿಚ್ಚುತ್ತ, ಕಡ್ಡಿಗೆ ಸುತ್ತುತ್ತ, ಬೂದಿಗೆ ಸೇರಿಸುತ್ತ ಕೂತಳು. ನಾನು ನೋಡುತ್ತ ನೋಡುತ್ತ ಗೋಡೆಗೊರಗಿ ಕಣ್ಣು ಮುಚ್ಚಿದೆ. ಹಸಿರು ನೀರಿನಲ್ಲಿ ಯಾರದೋ ಪುಟ್ಟ ಕೈ ಆಡಿದಂತೆ ಕಂಡಿತು. ಕನಸೇ ಇರಬೇಕು. ಎಚ್ಚರಾದಾಗ ವೈನಿ ಕೊನೆಯ ಮಣಿಯ ತುದಿಗೆ ಕೆಂಪು ಎಳೆ ಸುತ್ತುತ್ತಿದ್ದಳು.

ಅಲ್ಲಿಯೇ ತಪ್ಪಿದ್ದು. ಕೆಂಪು ಕಡ್ಡಿ ಒಂದು ಭಟ್ಟಿಯ ಗಾಜು, ಬಳೆ ಇನ್ನೊಂದು ಭಟ್ಟಿಯದು. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಕೂಡಿಸಿದರೆ ಒಂದನ್ನೊಂದು ಜಗ್ಗಾಡಿ ಸೀಳುತ್ತವೆ. ಬಳೆ ಗಾಜಿಗೆ ಬೇರೆ ಗಾಜು ಹಚ್ಚಬೇಡಿ ಎಂದು ಇಲಿಯಾಸ ಮೊದಲ ದಿನವೇ ಹೇಳಿದ್ದ. ವೈನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರ ಸೀರೆಗಳ ಮಣಿಗೆಲ್ಲ ಸೆರಗಿಟ್ಟವಳು ಮಗಳ ಮಣಿಯನ್ನು ಬರಿದಾಗಿ ಹೇಗೆ ಬಿಟ್ಟಾಳು? ಬೇರೆ ಯಾರೇ ಆಗಿದ್ದರೂ ಹಸಿರನ್ನು ಹಸಿರಾಗಿಯೇ ಬಿಟ್ಟು ಸುಮ್ಮನಾಗುತ್ತಿದ್ದರು. ಸೆರಗಿನ ಹುಚ್ಚು ನೇಕಾರರದ್ದು.

ಮಧ್ಯಾಹ್ನ ಅಣ್ಣ ಊಟಕ್ಕೆ ಎದ್ದಿದ್ದ. ಮಗ್ಗ ಸುಮ್ಮನಿತ್ತು. ಗಡಿಗೆಯೊಳಗಿಂದ ಟಿಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಿಕ್. ವೈನಿಯ ಮುಖ ಸುಣ್ಣದಂತಾಯಿತು. ನಾನು ಓಡಿಹೋಗಿ ಬಾಗಿಲು ಎಳೆಯುವಷ್ಟರಲ್ಲಿ ರೋಹಿಣಿ ಹೊಸ್ತಿಲಲ್ಲಿ ನಿಂತಿದ್ದಳು. ಆಕೆಗೆ ಆ ಸದ್ದು ಯಾರಿಗಿಂತಲೂ ಮೊದಲೇ ಕೇಳಿಸಿತ್ತು.

"ಹೋದವೇನವ್ವಾ?"

ವೈನಿ ಬೂದಿಗೆ ಕೈ ಹಾಕಿ ಕೆದರಿದಳು, ಸುಡುತ್ತಿದ್ದರೂ. ಒಂದೊಂದೂ ಸೆರಗಿನ ಹತ್ತಿರವೇ ಸೀಳಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಬುದ್ಧಿ ಎಲ್ಲಿಟ್ಟಿದ್ರಿ ವೈನಿ? ಇಲಿಯಾಸ ಬಡಕೊಂಡಿದ್ದನಲ್ಲ! ಆ ಹಾಳ ಸೆರಗ ಬಿಟ್ಟಿದ್ರ ಏನ ಗಂಟ ಹೋಗತಿತ್ತು?"

ವೈನಿ ಬೂದಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಅತ್ತಳು. ಆಕೆ ಅತ್ತದ್ದನ್ನು ನೋಡಿ ನಾನೂ ಅತ್ತೆ, ಬೈದದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತ. ರೋಹಿಣಿ ಮಾತ್ರ ಅಳಲಿಲ್ಲ. ಒಳಗೆ ಹೋಗಿ ತಲೆದಿಂಬಿನ ಕೆಳಗಿಂದ ಒಂದು ಹಸಿರು ಬಳೆ ತಂದಳು.

"ಎಲ್ಲಾ ಕೊಡಾಕ ಮನಸಾಗಿರಲಿಲ್ಲ. ಇದೊಂದನ್ನ ಇಟ್ಗೊಂಡಿದ್ದೆ. ನಸಕಿನ್ಯಾಗ ನಾನೂ ಕುಂಡರತೀನಿ ನಿನ್ನ ಬಾಜೂಕ."

ಕೂತಳು. ಕಿಟಕಿಯ ಆಚೆ ಗಾಳಿ ಇನ್ನೂ ಎದ್ದಿರಲಿಲ್ಲ. ವೈನಿಯ ಬೆರಳುಗಳು ಸುಟ್ಟಿದ್ದರಿಂದ ಉಕ್ಕಿನ ಕಡ್ಡಿ ತಿರುಗಿಸಲು ಬರಲಿಲ್ಲ. ರೋಹಿಣಿ ಅದನ್ನು ತಾನು ತೆಗೆದುಕೊಂಡಳು. ಸಣ್ಣವಳಿದ್ದಾಗ ಆಕೆಯೂ ಕಂಡಿಕೆ ಸುತ್ತಿದವಳೇ. ತಾಯಿ ಗಾಜು ಕೊಡುತ್ತ ಹೋದಳು, ಮಗಳು ತಿರುಗಿಸುತ್ತ ಹೋದಳು. ಉರಿಯ ಬೆಳಕು ಇಬ್ಬರ ಮುಖದ ಮೇಲೂ ಒಂದೇ ಬಣ್ಣವಾಗಿ ಬಿದ್ದಿತ್ತು, ಯಾರು ತಾಯಿ ಯಾರು ಮಗಳು ಎಂದು ನನಗೆ ಕ್ಷಣ ತಿಳಿಯಲಿಲ್ಲ. ಬಳೆ ಪೂರ್ತಿ ಕರಗಿ ಒಂದು ಉದ್ದನೆಯ ಮಣಿಯಾಯಿತು. ವೈನಿಯ ಕೈ ತನ್ನಷ್ಟಕ್ಕೇ ಕೆಂಪು ಕಡ್ಡಿಯ ಕಡೆ ಹೋಯಿತು. ಕೈ ಅಲ್ಲಿಯೇ ತುಸು ಹೊತ್ತು ನಿಂತು, ಕಡ್ಡಿಯನ್ನು ಮುಟ್ಟಿ, ಖಾಲಿಯೇ ಹಿಂದೆ ಬಂತು. ಮಣಿಯನ್ನು ಬೂದಿಗೆ ಹೂಳಿದರು. ಆ ದಿನವೆಲ್ಲ ಅಣ್ಣ ಲಾಳಿಯನ್ನು ಮೆಲ್ಲಗೆ ಹೊಡೆದ. ಗಡಿಗೆಯಿಂದ ಒಂದು ಸದ್ದೂ ಬರಲಿಲ್ಲ.

ಮರುದಿನ ಬೂದಿ ಕೆದರಿ, ಕಡ್ಡಿಯಿಂದ ಬಿಡಿಸಿ ತೊಳೆದಾಗ ಮಣಿ ಇಡಿಯಾಗಿತ್ತು. ಮಳೆ ನಿಂತ ಮೇಲೆ ಡಂಬಳದ ಕೆರೆ ಇರುತ್ತದಲ್ಲ, ಆ ಹಸಿರು. ವೈನಿ ಅದನ್ನು ಮಗಳ ಅಂಗೈಯಲ್ಲಿಟ್ಟು, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ, "ಇದಕ್ಕ ಸೆರಗ ಇಡಲಿಲ್ಲವ್ವಾ" ಎಂದಳು.

ರೋಹಿಣಿ ಮಣಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಸಪ್ಪಳವಿಲ್ಲ. ನನ್ನ ಕಡೆ ಚಾಚಿದಳು. ನಾನು ಅಣ್ಣನ ಮಗ್ಗದಿಂದಲೇ ಹಸಿರು ನೂಲು ತಂದು, ಹೊಸೆದು, ಮಣಿ ಪೋಣಿಸಿ ಆಕೆಯ ಕೊರಳಿಗೆ ಕಟ್ಟಿದೆ. ಗಂಟಿನಾಚೆ ದಾರ ಉದ್ದ ಉಳಿದಿತ್ತು. ನನ್ನ ರೂಢಿಯಂತೆ ಕತ್ತರಿ ತೆಗೆದೆ.

ರೋಹಿಣಿ ನನ್ನ ಕೈ ಹಿಡಿದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

"ಕತ್ತರಿ ಹಚ್ಚಬ್ಯಾಡ್ರಿ ಅತ್ತಿ," ಎಂದಳು. "ಸೆರಗ ಆಗಿಲ್ಲಲ್ಲ. ಇನ್ನೂ ಮಗ್ಗದ ಮ್ಯಾಲ ಐತಿ."